ಮನೆಯಂಗಳದಲ್ಲಿ ಮೋಟಾರು ಸೈಕಲ್ಲಿನ ಆರೈಕೆ

ಎತ್ತಿನ ಗಾಡಿಗಳಿದ್ದ ಕಾಲದಲ್ಲಿ ಒಕ್ಕಲು ಮನೆಯ ಯಜಮಾನನಿಗೆ ತನ್ನ ಗಾಡಿಯ ಅಂಗಾಂಗಗಳ ಪರಿಚಯವು ತನ್ನ ಅಂಗೈಯ ಪರಿಚಯದಷ್ಟೇ ಚೆನ್ನಾಗಿರುತ್ತಿತ್ತು. ಅಚ್ಚು ಸವೆದಿದೆಯೇ, ಗುಂಬ ಬಿರಿದಿದೆಯೇ, ಯಾವ ಆರೆಕಾಲು ಸಡಿಲವಾಗಿದೆ, ಕಡಾಣಿ ಭದ್ರವಾಗಿದೆಯೇ ಎಂಬುದನ್ನು ನೋಡದೆ ಆತನು ಮನೆಯ ಹೆಣ್ಣುಮಕ್ಕಳನ್ನು ಜಾತ್ರೆಗೆ ಕರೆದೊಯ್ಯುತ್ತಿರಲಿಲ್ಲ. ಕೀಲೆಣ್ಣೆಯ ಗೊಟ್ಟವು ಗಾಡಿಯ ಕೆಳಗೆ ಸದಾ ತೂಗುತ್ತಿತ್ತು. ಇಂದು ಅದೇ ಮನೆಯ ಅಂಗಳದಲ್ಲಿ ಎತ್ತಿನ ಗಾಡಿಯ ಸ್ಥಾನವನ್ನು ಮೋಟಾರು ಸೈಕಲ್ಲು ಆಕ್ರಮಿಸಿದೆ. ಮಗ ಕೆಲಸಕ್ಕೆ ಹೋಗುವುದು, ಸೊಸೆ ಶಾಲೆಗೆ ಪಾಠ ಹೇಳಲು ಹೋಗುವುದು, ಮೊಮ್ಮಕ್ಕಳು ಟ್ಯೂಶನ್ನಿಗೆ ಹೋಗುವುದು ಎಲ್ಲವೂ ಅದರ ಮೇಲೆಯೇ. ಆದರೆ ಅದರ ಅಚ್ಚು ಎಲ್ಲಿದೆ, ಎಣ್ಣೆ ಎಲ್ಲಿ ಹೊಯ್ಯಬೇಕು ಎಂದು ಕೇಳಿದರೆ ಮನೆಯಲ್ಲಿ ಉತ್ತರಿಸುವವರಿಲ್ಲ. ಗಾಲಿಗಳು ವೇಗವಾಗಿವೆ, ಗಾಲಿಯ ಬಗೆಗಿನ ಎಚ್ಚರ ಮಾತ್ರ ಹಿಂದೆ ಬಿದ್ದಿದೆ. ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದ್ದು ಈ ಕೊರತೆಯೇ.

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿದವರಿಗೆ ಮೋಟಾರು ಸೈಕಲ್ಲಿನ ಗೊಡವೆ ಏಕೆ ಎಂದು ಓದುಗ ಬಂಧುಗಳು ಕೇಳಬಹುದು. ಒಂದು ಶ್ರಾವಣ ಮಾಸದ ಪ್ರವಚನಕ್ಕೆ ಹೋಗಿದ್ದಾಗ ಹಿರಿಯರೊಬ್ಬರು ನಮ್ಮ ಬೆರಳಿನ ಉಗುರುಗಳಲ್ಲಿ ಉಳಿದಿದ್ದ ಕಪ್ಪನ್ನು ಕಂಡು, "ಏನು ಪಂಡಿತರೇ, ಇದು ಶಾಸ್ತ್ರ ಹಿಡಿಯುವ ಕೈಯೋ, ಪಾನಾ ಹಿಡಿಯುವ ಕೈಯೋ?" ಎಂದು ನಗೆಯಾಡಿದ್ದರು. ಎರಡೂ ಹೌದೆಂದು ನಾವೂ ನಕ್ಕೆವು. ನಮ್ಮ ವಿದ್ಯಾರ್ಥಿದೆಸೆಯಲ್ಲಿ ಮಠದ ಉಗ್ರಾಣವನ್ನು ನೋಡಿಕೊಳ್ಳುತ್ತಿದ್ದ ವೃದ್ಧರು ಒಂದು ಕಟ್ಟಳೆಯನ್ನು ಮಾಡಿದ್ದರು. ಬಾವಿಯ ರಾಟೆಯಿಂದ ನೀರು ಸೇದಿದವನೇ ವಾರಕ್ಕೊಮ್ಮೆ ಆ ರಾಟೆಗೆ ಎಣ್ಣೆ ಬಿಡಬೇಕು. ಕಂದೀಲು ಹಿಡಿದು ಓದಿದವನೇ ಅದರ ಗಾಜನ್ನು ಒರೆಸಬೇಕು. ಉಪಯೋಗಿಸುವವನು ಒಬ್ಬ, ಸಂರಕ್ಷಿಸುವವನು ಇನ್ನೊಬ್ಬ ಎಂಬ ವಿಭಾಗವನ್ನು ಅವರು ಒಪ್ಪುತ್ತಿರಲಿಲ್ಲ. ಪುಸ್ತಕದಲ್ಲಿ ಓದಿದ ಎಷ್ಟೋ ಸೂತ್ರಗಳು ಮರೆತುಹೋಗಿವೆ. ಉಗ್ರಾಣದ ಆ ಸೂತ್ರ ಮಾತ್ರ ಕೈಯಲ್ಲಿ ಉಳಿದಿದೆ.

ಬಸ್ಸುಗಳು ವಿರಳವಾಗಿದ್ದ ಹಳ್ಳಿಗಳಿಗೆ ಪ್ರವಚನಕ್ಕೆ ಹೋಗಬೇಕಾದ ಅಗತ್ಯದಿಂದ ನಾವು 1984ರಲ್ಲಿ ಒಬ್ಬರು ಬಳಸಿ ಬಿಟ್ಟ ಯೆಜ್ಡಿ ಗಾಡಿಯೊಂದನ್ನು ಕೊಂಡೆವು. ಅದು ನಮ್ಮ ನಾಡಿನ ಕೂಸು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಗಾಡಿಗಳು ತಯಾರಾದವು. 1973ರಿಂದ ಅವುಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಎಂಬುದು ದ್ವೀಪದ ಹೆಸರೆಂದೇ ನಾವು ಬಹುಕಾಲ ಭಾವಿಸಿದ್ದುಂಟು. ಅದು ಹಾಗಲ್ಲ. ಜೆಕ್ ದೇಶದ ಯಾನೆಚೆಕ್ ಎಂಬ ಉದ್ಯಮಿಯು 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡು, ಎರಡು ಹೆಸರುಗಳ ಮೊದಲಕ್ಷರಗಳನ್ನು ಸಮಾಸ ಮಾಡಿ ಇಟ್ಟ ಹೆಸರದು. ಆ ಗಾಡಿಗಳಲ್ಲಿ ಒದೆಯುವ ಕಡ್ಡಿಯೂ ಗೇರು ಬದಲಿಸುವ ಕಡ್ಡಿಯೂ ಒಂದೇ ಆಗಿದ್ದವು. ಪೆಟ್ರೋಲಿನೊಡನೆ ಎಣ್ಣೆಯನ್ನು ಅಳೆದು ಬೆರೆಸಿಯೇ ಟ್ಯಾಂಕಿಗೆ ಹೊಯ್ಯಬೇಕಿತ್ತು. ಎಣ್ಣೆ ಹೆಚ್ಚಾದರೆ ಪ್ಲಗ್ಗು ಮಸಿ ಹಿಡಿಯುತ್ತಿತ್ತು, ಕಡಿಮೆಯಾದರೆ ಪಿಸ್ಟನ್ ಹಿಡಿದು ನಿಲ್ಲುತ್ತಿತ್ತು. ಆದ್ದರಿಂದ ಸವಾರನಾದವನು ಪ್ಲಗ್ಗು ಬಿಚ್ಚಿ ಉಜ್ಜಿ ಹಾಕುವಷ್ಟು ವಿದ್ಯೆಯನ್ನಾದರೂ ಕಲಿಯದೆ ಗತ್ಯಂತರವಿರಲಿಲ್ಲ. 1997ರಲ್ಲಿ ನೂರು ಸಿ.ಸಿ.ಯ ನಾಲ್ಕು ಸ್ಟ್ರೋಕಿನ ಗಾಡಿಯನ್ನು ಕೊಂಡೆವು. ಅದು ಇಂದಿಗೂ ನಮ್ಮ ಮನೆಯಲ್ಲಿ ಓಡುತ್ತಿದೆ. ಅದು ದೀರ್ಘಾಯುವಾದದ್ದಕ್ಕೆ ಅದೃಷ್ಟವೇ ಕಾರಣವೆಂದು ನಾವು ಹೇಳಲಾರೆವು. ಭಾನುವಾರದ ಅರ್ಧ ಗಂಟೆಯೂ ಒಂದು ಕಾರಣ.

ಗಾಡಿಯ ದೋಷವನ್ನು ಅರಿಯುವುದಕ್ಕೆ ನಾವು ತರ್ಕಶಾಸ್ತ್ರದ ದಾರಿಯನ್ನೇ ಹಿಡಿಯುತ್ತೇವೆ. ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯ ಎಂಬ ಮೂರು ಪ್ರಮಾಣಗಳು ಇಲ್ಲಿಯೂ ಸಲ್ಲುತ್ತವೆ. ಪ್ಲಗ್ಗನ್ನು ಬಿಚ್ಚಿ ನೋಡುವುದು ಪ್ರತ್ಯಕ್ಷ. ಅದರ ತುದಿ ತಿಳಿಕಂದು ಬಣ್ಣದಲ್ಲಿದ್ದರೆ ಎಂಜಿನ್ನು ಆರೋಗ್ಯದಿಂದಿದೆ. ಒಣ ಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚಾಗಿದೆ ಅಥವಾ ಗಾಳಿಯ ಫಿಲ್ಟರು ಕಟ್ಟಿಕೊಂಡಿದೆ. ಬೆಳ್ಳಗೆ ಸುಣ್ಣದಂತಿದ್ದರೆ ಎಂಜಿನ್ನು ಮಿತಿಮೀರಿ ಕಾಯುತ್ತಿದೆ. ಬೆಟ್ಟದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಅನುಮಾನಕ್ಕೆ ನಮ್ಮ ಗುರುಗಳು ಕೊಡುತ್ತಿದ್ದ ಉದಾಹರಣೆ. ಸೈಲೆನ್ಸರಿನ ಹೊಗೆಯೂ ಹಾಗೆಯೇ ಮಾತನಾಡುತ್ತದೆ. ನಾಲ್ಕು ಸ್ಟ್ರೋಕಿನ ಗಾಡಿ ನೀಲಿ ಹೊಗೆ ಬಿಟ್ಟರೆ ಎಂಜಿನ್ ಎಣ್ಣೆ ಒಳಗೆ ಉರಿಯುತ್ತಿದೆ ಎಂದೂ, ಕಪ್ಪು ಹೊಗೆ ಬಿಟ್ಟರೆ ಪೆಟ್ರೋಲು ಪೂರ್ತಿಯಾಗಿ ಉರಿಯುತ್ತಿಲ್ಲ ಎಂದೂ ತಿಳಿಯಬೇಕು. ಇನ್ನು ಗಾಡಿಯೊಡನೆ ಬರುವ ಪುಸ್ತಿಕೆಯೇ ಆಪ್ತವಾಕ್ಯ. ಎಷ್ಟು ಎಣ್ಣೆ, ಯಾವ ಎಣ್ಣೆ, ಎಷ್ಟು ಗಾಳಿ, ಎಷ್ಟು ಕಿಲೋಮೀಟರಿಗೆ ಎಂಬುದೆಲ್ಲ ಅದರಲ್ಲಿದೆ. ಅದನ್ನು ವಿಮೆಯ ಕಾಗದದೊಡನೆ ಬೀರುವಿನಲ್ಲಿ ಮಡಿಚಿಡುವವರೇ ಹೆಚ್ಚು, ತೆರೆದು ಓದುವವರು ಕಡಿಮೆ. ಗ್ಯಾರಂಟಿಯ ಅವಧಿಯಲ್ಲಿರುವ ಹೊಸ ಗಾಡಿಗಾದರೆ, ಏನನ್ನು ಮುಟ್ಟಿದರೆ ಆ ಗ್ಯಾರಂಟಿ ತಪ್ಪಿಹೋಗುತ್ತದೆ ಎಂಬುದನ್ನೂ ಅದರಲ್ಲಿಯೇ ಮೊದಲು ನೋಡಬೇಕು.

ಇನ್ನು ಕೆಲಸದ ವಿಷಯಕ್ಕೆ ಬರೋಣ. ವಾರಕ್ಕೊಮ್ಮೆ ನೋಡಬೇಕಾದುದು ಗಾಲಿಯ ಗಾಳಿ. ದೂರ ಓಡಿಸಿದ ಮೇಲೆ ಟೈರು ಬಿಸಿಯಾಗಿ ಒಳಗಿನ ಒತ್ತಡ ಏರುವುದರಿಂದ, ಬೆಳಿಗ್ಗೆ ತಣ್ಣಗಿರುವಾಗಲೇ ಅದನ್ನು ಅಳೆಯಬೇಕು. ಹಿಂದೆ ಒಬ್ಬರು ಕುಳಿತಾಗ ಹಿಂಗಾಲಿಗೆ ಹೆಚ್ಚು ಗಾಳಿ ಬೇಕು. ಹೆರೆದು ನುಣುಪಾದ ಟೈರು ಮಳೆಗಾಲದಲ್ಲಿ ನೀರನ್ನು ಹೊರಗೆ ತಳ್ಳಲಾರದು. ಟೈರಿನ ಗಾಡಿಗಳಲ್ಲಿ ಅಲ್ಲಲ್ಲಿರುವ ಸಣ್ಣ ರಬ್ಬರಿನ ಉಬ್ಬುಗಳು ಮೇಲ್ಮೈಗೆ ಸಮನಾದುವೆಂದರೆ ಅದರ ಆಯುಸ್ಸು ಮುಗಿಯಿತೆಂದು ತಿಳಿಯಬೇಕು.

ಎರಡನೆಯದು ಚೈನು. ಗಾಡಿಯನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೆಳಗಿನ ಚೈನಿನ ಮಧ್ಯಭಾಗವನ್ನು ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರು ಆಡಬೇಕು. ಬಹಳ ಸಡಿಲವಾದರೆ ಹಲ್ಲಿನಿಂದ ಕಳಚೀತು, ಬಹಳ ಬಿಗಿಯಾದರೆ ಬೇರಿಂಗುಗಳನ್ನು ತಿಂದೀತು. ಬಿಗಿ ಮಾಡುವಾಗ ಗಾಲಿಯ ಎರಡೂ ಬದಿಗಳಲ್ಲಿ ಕೆತ್ತಿರುವ ಗೆರೆಗಳು ಸಮನಾಗಿರಬೇಕು. ಇಲ್ಲದಿದ್ದರೆ ಗಾಲಿ ಓರೆಯಾಗಿ ಓಡುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಚೈನನ್ನು ಒರೆಸಿ, ಒಣಗಿದ ಮೇಲೆ 90ರ ಗೇರ್ ಎಣ್ಣೆಯನ್ನು ಸವರಿ, ಹೆಚ್ಚಾದುದನ್ನು ಒರೆಸಿ ತೆಗೆದರೆ ಸಾಕು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಎಂಜಿನ್ನು ಓಡುತ್ತಿರುವಾಗ ಚೈನಿಗೆ ಬಟ್ಟೆ ಹಿಡಿಯಲೇ ಬಾರದು. ಬಟ್ಟೆಯೊಡನೆ ಬೆರಳನ್ನೂ ಎಳೆದುಕೊಂಡು ಚೈನು ಹಲ್ಲಿನ ನಡುವೆ ಕತ್ತರಿಸಿಬಿಡುತ್ತದೆ. ಎಂಜಿನ್ನು ಬಂದ್ ಮಾಡಿ, ಗೇರು ತೆಗೆದು, ಗಾಲಿಯನ್ನು ಕೈಯಿಂದಲೇ ತಿರುಗಿಸಬೇಕು.

ಮೂರನೆಯದು ಎಂಜಿನ್ ಎಣ್ಣೆ. ಎಂಜಿನ್ನನ್ನು ಎರಡು ನಿಮಿಷ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ನಿಲ್ಲಿಸಿ, ಅಡಿಯ ಬೋಲ್ಟನ್ನು ಬಿಚ್ಚಿ ತಟ್ಟೆಗೆ ಇಳಿಸಬೇಕು. ಬೆಚ್ಚಗಿನ ಎಣ್ಣೆ ತಳದ ಕಲ್ಮಷವನ್ನೂ ಹೊತ್ತು ಇಳಿಯುತ್ತದೆ. ವಾಷರು ಸವೆದಿದ್ದರೆ ಬದಲಿಸಿ, ಬೋಲ್ಟನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂಡಿಸಿ, ಅನಂತರವೇ ಪಾನಾ ಹಚ್ಚಬೇಕು. ನೂರು ಸಿ.ಸಿ.ಯ ಗಾಡಿಗೆ ಒಂದು ಲೀಟರಿಗೆ ತುಸು ಕಡಿಮೆ ಎಣ್ಣೆ ಹಿಡಿಯುತ್ತದೆ. ಕಾರಿಗೆ ತಂದು ಉಳಿದ ಎಣ್ಣೆಯನ್ನು ಮೋಟಾರು ಸೈಕಲ್ಲಿಗೆ ಹೊಯ್ಯುವ ಮಿತವ್ಯಯ ಸಲ್ಲದು. ನಮ್ಮ ಬಹುತೇಕ ಗಾಡಿಗಳಲ್ಲಿ ಕ್ಲಚ್ಚಿನ ತಟ್ಟೆಗಳು ಅದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಕಾರಿನ ಎಣ್ಣೆಗೆ ಬೆರೆಸಿದ ನುಣುಪಿನ ಪದಾರ್ಥದಿಂದ ಅವು ಜಾರತೊಡಗುತ್ತವೆ. ಡಬ್ಬಿಯ ಮೇಲೆ ಜಾಸೋ ಎಂ.ಎ. ಎಂಬ ಗುರುತಿರುವ ಎಣ್ಣೆಯೇ ಬೇಕು. ಬಳಸಿದ ಕಪ್ಪು ಎಣ್ಣೆಯನ್ನು ಚರಂಡಿಗೋ ಹಿತ್ತಿಲಿನ ಮಣ್ಣಿಗೋ ಸುರಿಯಬಾರದು. ಅದು ಬಾವಿಯ ನೀರಿಗೆ ವಿಷ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಟ್ಟರೆ ಅವರು ಅದನ್ನು ಸಂಗ್ರಹಿಸುವವರಿಗೆ ತಲುಪಿಸುತ್ತಾರೆ.

ಗಾಳಿಯ ಫಿಲ್ಟರಿನಲ್ಲಿ ಎರಡು ಜಾತಿ. ಸ್ಪಂಜಿನದನ್ನು ತೊಳೆದು, ಒಣಗಿಸಿ, ಎಣ್ಣೆ ಹಾಕಿ ಹಿಂಡಿ ಕೂಡಿಸಬಹುದು. ಎಣ್ಣೆ ಪಸೆಯಿರುವ ಕಾಗದದ ಫಿಲ್ಟರನ್ನು ತೊಳೆಯುವುದಾಗಲಿ ಊದುವುದಾಗಲಿ ಕೂಡದು, ಅವಧಿ ತೀರಿದಾಗ ಬದಲಿಸಬೇಕು. ಬ್ಯಾಟರಿಯನ್ನು ತೆಗೆಯುವಾಗ ಋಣ ತಂತಿಯನ್ನು ಮೊದಲು ಬಿಚ್ಚಬೇಕು, ಕೂಡಿಸುವಾಗ ಅದನ್ನೇ ಕಡೆಗೆ ಕೂಡಿಸಬೇಕು. ಈ ಕ್ರಮ ತಪ್ಪಿದರೆ ಪಾನಾ ಚೌಕಟ್ಟಿಗೆ ತಗುಲಿ ಕಿಡಿ ಹಾರೀತು. ಪೆಟ್ರೋಲಿನ ಬಳಿ ಬೀಡಿ, ದೀಪ, ಊದುಬತ್ತಿ ಯಾವುದೂ ಇರಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಬ್ರೇಕಿನ ವಿಷಯದಲ್ಲಿ ಮಾತ್ರ ನಾವು ಒಂದು ಗೆರೆಯನ್ನು ಎಳೆದುಕೊಂಡಿದ್ದೇವೆ. ಡ್ರಮ್ ಬ್ರೇಕಿನ ನಟ್ಟನ್ನು ತಿರುಗಿಸಿ ಕಡ್ಡಿಯ ಸಡಿಲವನ್ನು ಸರಿಪಡಿಸುವುದು ಮನೆಯ ಕೆಲಸ. ಆಮೇಲೆ ಗಾಲಿಯನ್ನು ಕೈಯಿಂದ ತಿರುಗಿಸಿದರೆ ತಡೆಯಿಲ್ಲದೆ ತಿರುಗಬೇಕು, ಕಡ್ಡಿಯನ್ನು ತುಳಿದರೆ ಹಿಂದಿನ ಕೆಂಪು ದೀಪ ಹತ್ತಬೇಕು. ಬ್ರೇಕಿನ ತಟ್ಟೆಯ ಮೇಲಿರುವ ಬಾಣದ ಗುರುತು ಕೊನೆಯ ಗೆರೆಯನ್ನು ಮುಟ್ಟಿತೆಂದರೆ ಒಳಗಿನ ಲೈನರು ಸವೆದಿದೆ ಎಂದರ್ಥ. ಅಲ್ಲಿಗೆ ನಮ್ಮ ಕೆಲಸ ಮುಗಿದು ಮೆಕ್ಯಾನಿಕರ ಕೆಲಸ ಮೊದಲಾಗುತ್ತದೆ. ಡಿಸ್ಕ್ ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುವಂಥದು. ಅದರ ಕೊಳವೆಯಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಹಿಡಿದ ಬ್ರೇಕು ಹಿಡಿಯದೆ ಹೋದೀತು. 125 ಸಿ.ಸಿ. ಮೀರಿದ ಹೊಸ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಕಡ್ಡಾಯವಾಗಿರುವ ಎ.ಬಿ.ಎಸ್. ಎಂಬ ಸಾಧನವಂತೂ ಅಂಗಳದ ವಿದ್ಯೆಗೆ ನಿಲುಕುವುದಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್.-6 ಗಾಡಿಗಳಲ್ಲಿ ಕಾರ್ಬ್ಯುರೇಟರಿನ ಬದಲು ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರು ಇರುವುದರಿಂದ, ಹಿಂದಿನಂತೆ ಸ್ಕ್ರೂ ತಿರುಗಿಸಿ ಎಂಜಿನ್ನಿನ ದನಿಯನ್ನು ಹದಮಾಡುವ ಕಾಲವೂ ಹೋಯಿತು. ನಮ್ಮ ಮಗನ ಗಾಡಿಯಲ್ಲಿ ಹಳದಿ ದೀಪ ಹತ್ತಿದರೆ ಅದರ ಭಾಷೆಯನ್ನು ಓದುವ ಯಂತ್ರ ಇರುವ ಕಡೆಗೇ ಕಳುಹಿಸುತ್ತೇವೆ. ಎಲ್ಲಿ ಕೈ ಹಾಕಬಾರದೆಂಬುದನ್ನು ಅರಿಯುವುದೂ ವಿದ್ಯೆಯೇ.

ಇನ್ನು ಗಾಡಿಗೆ ಸೇರಿಸುವ ಸಾಮಾನುಗಳ ವಿಚಾರ. ಇಲ್ಲಿ ತರುಣರೂ ಹಿರಿಯರೂ ಒಮ್ಮತಕ್ಕೆ ಬರುವುದು ಕಡಿಮೆ. ಕನ್ನಡಿ ಕಿತ್ತು ಹಾಕುವುದು, ಸೈಲೆನ್ಸರು ಬದಲಿಸಿ ಊರೆಲ್ಲ ಎಬ್ಬಿಸುವುದು, ಕಣ್ಣು ಕುಕ್ಕುವ ದೀಪ ಹಾಕುವುದು ತರುಣರ ಶೃಂಗಾರ. ಮೋಟಾರು ವಾಹನಗಳ 1988ರ ಕಾಯಿದೆಯ 52ನೆಯ ಕಲಮು ತಯಾರಕರು ಕೊಟ್ಟ ಮೂಲ ಸ್ವರೂಪವನ್ನು ಮನಬಂದಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನು ಎತ್ತಿಹಿಡಿದಿದೆ. ಕಾನೂನಿನ ಮಾತು ಹಾಗಿರಲಿ, ಯಂತ್ರದ ಮಾತನ್ನಾದರೂ ಕೇಳಬೇಕು. 35 ವಾಟಿನ ಬಲ್ಬಿನ ಜಾಗದಲ್ಲಿ ನೂರು ವಾಟಿನದನ್ನು ಹಾಕಿದರೆ ಸಣ್ಣ ತಂತಿ ಆ ಭಾರವನ್ನು ಹೊರಲಾರದೆ ಕರಗುತ್ತದೆ. ಹಳೆಯ ಬಲ್ಬಿಗಾಗಿ ಮಾಡಿದ ಗುಮ್ಮಟದಲ್ಲಿ ಅಗ್ಗದ ಎಲ್.ಇ.ಡಿ.ಯನ್ನು ಸಿಕ್ಕಿಸಿದರೆ ಬೆಳಕು ರಸ್ತೆಗೆ ಬೀಳದೆ ಎದುರು ಬರುವವನ ಕಣ್ಣಿಗೆ ಬೀಳುತ್ತದೆ. ಹೆಚ್ಚಿನ ದೀಪವೋ ಹಾರನ್ನೋ ಬೇಕೇ ಬೇಕೆಂದಾದರೆ, ಅದು ನಿಯಮಕ್ಕೆ ಒಪ್ಪುವಂಥದೇ ಎಂದು ನೋಡಿಕೊಂಡು, ಪ್ರತ್ಯೇಕ ಫ್ಯೂಜು ಮತ್ತು ರಿಲೇ ಹಾಕಿಸದೆ ತಂತಿಗೆ ತಂತಿ ಹೆಣೆಯಬಾರದು.

ಸಾಮಾನು ಕೊಳ್ಳುವ ಮುನ್ನ ನಾವು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಇದರಿಂದ ಯಾರಿಗೆ ರಕ್ಷಣೆ? ಈ ಒರೆಗಲ್ಲಿಗೆ ಹಚ್ಚಿದರೆ ಎಲ್ಲಕ್ಕಿಂತ ಮೊದಲು ನಿಲ್ಲುವುದು ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಸಿಗುವ ವಸ್ತುಗಳಲ್ಲೊಂದಾದ ಸೀರೆ ಗಾರ್ಡು.

ಈ ಮಾತನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. 1991ರ ಮಾಘ ಮಾಸದಲ್ಲಿ ನಮ್ಮ ಬಂಧುವರ್ಗದ ತಾಯಿಯೊಬ್ಬರು ಜಾತ್ರೆಯಿಂದ ಮಗನ ಗಾಡಿಯಲ್ಲಿ ಮರಳುತ್ತಿದ್ದರು. ಚಳಿಗೆಂದು ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದರು. ಅದರ ತುದಿ ಗಾಳಿಗೆ ಹಾರಿ ಹಿಂಗಾಲಿಯ ಕಡ್ಡಿಗಳಲ್ಲಿ ಸಿಕ್ಕಿತು. ಮಗನು ಹಿಂದಿರುಗಿ ನೋಡುವುದರೊಳಗೆ ತಾಯಿ ರಸ್ತೆಯ ಮೇಲಿದ್ದರು. ಪ್ರಾಣ ಉಳಿಯಿತು, ಆದರೆ ಬಲಗೈ ಭುಜದಿಂದ ಮೇಲೆ ಏಳಲಿಲ್ಲ. ಮುಂದೆ ಬದುಕಿದ್ದ ಹದಿನೆಂಟು ವರ್ಷ ಅವರ ಮುಡಿಯನ್ನು ಸೊಸೆಯೇ ಕಟ್ಟಬೇಕಾಯಿತು. ನಾವು ನೋಡಲು ಹೋದಾಗ ಆ ಮನೆಯ ಅಟ್ಟದ ಮೇಲೆ, ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟ ಸೀರೆ ಗಾರ್ಡು ಹಾಗೆಯೇ ಇತ್ತು. ಗಾಡಿಯ ಅಂದ ಕೆಡುತ್ತದೆಂದು ಕೊಂಡ ವಾರದಲ್ಲೇ ಅದನ್ನು ಬಿಚ್ಚಿಟ್ಟಿದ್ದರು. ಆ ತಾಯಿ ಮಗನನ್ನು ಒಂದು ದಿನವೂ ದೂರಲಿಲ್ಲ. ದೂರದಿದ್ದುದರಿಂದಲೇ ಆ ಮಗನ ತಲೆ ಮತ್ತೆ ಮೇಲೇಳಲಿಲ್ಲವೆಂದು ನಮಗೆ ಅನ್ನಿಸಿತು.

ಕೇಂದ್ರ ಮೋಟಾರು ವಾಹನಗಳ 1989ರ ನಿಯಮಗಳಲ್ಲಿ 123ನೆಯದು ಈ ಬಗೆಗೇ ಇದೆ. ಹಿಂದೆ ಕುಳಿತವರಿಗೆ ಹಿಡಿಯಲು ಭದ್ರವಾದ ಹಿಡಿ, ಕಾಲಿಡಲು ಆಸರೆ, ಬಟ್ಟೆ ಸಿಕ್ಕದಂತೆ ಹಿಂಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಮುಚ್ಚುವ ರಕ್ಷಣೆ ಇವು ಪ್ರತಿ ಮೋಟಾರು ಸೈಕಲ್ಲಿಗೂ ಇರಲೇಬೇಕೆಂದು ಅದು ವಿಧಿಸುತ್ತದೆ. ಅಂದರೆ ಸೀರೆ ಗಾರ್ಡು ಅಲಂಕಾರವಲ್ಲ, ಗಾಡಿಯ ಅಂಗವೇ ಹೌದು. ಅದನ್ನು ಕೂಡಿಸುವುದು ಎರಡು ಮೂರು ಬೋಲ್ಟುಗಳ ಕೆಲಸ. ಕೂಡಿಸಿದ ಮೇಲೆ ಅದು ಗಾಲಿಗಾಗಲಿ ಚೈನಿಗಾಗಲಿ ತಾಗದಂತೆ, ಹಿಂದೆ ಒಬ್ಬರು ಕುಳಿತು ಗಾಡಿ ಕುಗ್ಗಿದಾಗಲೂ ತಾಗದಂತೆ ನೋಡಿಕೊಳ್ಳಬೇಕು. ತಿಂಗಳಿಗೊಮ್ಮೆ ಬೋಲ್ಟುಗಳನ್ನು ಬಿಗಿ ಮಾಡಬೇಕು. ಚೈನಿನ ಮುಚ್ಚಳವನ್ನು ಕಿತ್ತುಹಾಕುವ ಚಾಳಿಯೂ ಹೀಗೆಯೇ ಅಪಾಯಕರ; ಅದು ಧೂಳಿನಿಂದ ಚೈನನ್ನೂ, ಚೈನಿನಿಂದ ಬಟ್ಟೆಯನ್ನೂ ಕಾಯುತ್ತದೆ. ಇನ್ನು ಶಿರಸ್ತ್ರಾಣ. ಐ.ಎಸ್. 4151 ಎಂಬ ಗುರುತಿರುವ ಹೆಲ್ಮೆಟ್ಟು ಮುಂದಿನವನಿಗೆ ಒಂದಾದರೆ ಹಿಂದಿನವರಿಗೂ ಒಂದು ಬೇಕು. ಹೊಸ ಗಾಡಿಗೆ ಸಾವಿರಾರು ರೂಪಾಯಿಯ ಶೃಂಗಾರ ಮಾಡಿಸಿ, ಹಿಂದೆ ಕುಳಿತ ಹೆಂಡತಿಯ ತಲೆಗೆ ಬರಿಯ ಸೆರಗನ್ನೇ ಬಿಡುವ ಲೆಕ್ಕಾಚಾರ ಯಾವ ಶಾಸ್ತ್ರಕ್ಕೂ ಒಪ್ಪುವುದಿಲ್ಲ.

ಮನೆಯಲ್ಲಿ ಈ ಕೆಲಸ ಕಲಿಯುವುದು ಗಂಡುಮಕ್ಕಳಿಗೆ ಮಾತ್ರ ಮೀಸಲೆಂಬ ಭಾವನೆಯನ್ನೂ ನಾವು ಬಿಡಬೇಕು. ಗಾಲಿಯಿಂದ ಹೆಚ್ಚು ಅಪಾಯ ಯಾರಿಗಿದೆಯೋ ಅವರಿಗೆ ಗಾಲಿಯ ಪರಿಚಯವೂ ಹೆಚ್ಚಿರಬೇಕಲ್ಲವೆ? ನಮ್ಮ ಮೊಮ್ಮಗಳು ಎಂಟನೆಯ ತರಗತಿಯಲ್ಲಿದ್ದಾಗಲೇ ಗೇಜು ಹಿಡಿದು ಗಾಳಿ ನೋಡುವುದನ್ನು ಕಲಿತಳು. "ಅಜ್ಜಾ, ಹಿಂದಿನ ಗಾಲಿಗೆ ಮೂರು ಪಾಯಿಂಟು ಕಡಿಮೆ ಇದೆ, ಅಪ್ಪಾಜಿಗೆ ಹೇಳಲೇ?" ಎಂದು ಆಕೆ ಕೇಳಿದಾಗ, ಮನೆಯವರೆಲ್ಲ ಹೊರಡುವ ಮುನ್ನ ಒಮ್ಮೆ ಗಾಡಿಯತ್ತ ನೋಡುವ ಅಭ್ಯಾಸ ನಮ್ಮ ಮನೆಯಲ್ಲಿ ಬೇರೂರಿತು. ನಮ್ಮ ಮನೆಯವರು ಎಣ್ಣೆ ಕಲೆಯಾದ ಪಂಚೆಯನ್ನು ಕಂಡು ಇಂದಿಗೂ ಗೊಣಗುವುದುಂಟು. ಆದರೆ ಭಾನುವಾರ ಹಳೆಯ ಬಟ್ಟೆಯ ತುಂಡುಗಳನ್ನು ಕಟ್ಟೆಯ ಮೇಲೆ ತಂದಿಡುವವರೂ ಅವರೇ.

ಹೀಗೆಂದು ಮೆಕ್ಯಾನಿಕರ ಅಗತ್ಯವಿಲ್ಲವೆಂದು ನಾವು ಹೇಳುತ್ತಿಲ್ಲ. ತನ್ನ ಕೈಯಿಂದ ಒಂದು ಬೋಲ್ಟು ತಿರುಗಿಸಿದವನಿಗೆ ಮಾತ್ರ ದಿನವಿಡೀ ಬಿಸಿಲಿನಲ್ಲಿ ಕುಕ್ಕುರುಗಾಲಲ್ಲಿ ಕುಳಿತು ನೂರು ಬೋಲ್ಟು ತಿರುಗಿಸುವವರ ಶ್ರಮ ಅರ್ಥವಾಗುತ್ತದೆ. ನಾವು ಗ್ಯಾರೇಜಿಗೆ ಹೋದಾಗ "ಏನೋ ಶಬ್ದ ಬರುತ್ತದೆ, ನೋಡು" ಎನ್ನುವುದಿಲ್ಲ. ಯಾವ ಗೇರಿನಲ್ಲಿ, ಯಾವ ವೇಗದಲ್ಲಿ, ಬಿಸಿಯಾದ ಮೇಲೋ ಮೊದಲೋ ಎಂಬುದನ್ನು ಹೇಳುತ್ತೇವೆ. ಅವರೂ ಗೌರವದಿಂದ ಕೇಳುತ್ತಾರೆ, ಬೇಡದ ಸಾಮಾನು ಬದಲಿಸುವುದಿಲ್ಲ. ಕೇಳಿದಷ್ಟು ಮಜೂರಿಯನ್ನು ಚೌಕಾಸಿಯಿಲ್ಲದೆ ಕೊಟ್ಟು ಬರುತ್ತೇವೆ.

ಓದುಗ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೇ. ಎಲ್ಲರೂ ಎಂಜಿನ್ನು ಬಿಚ್ಚಬೇಕಾಗಿಲ್ಲ. ಒಂದು ಗಾಳಿಯ ಗೇಜು, ನಾಲ್ಕು ಪಾನಾ, ಒಂದು ಪ್ಲಗ್ ಪಾನಾ, ಒಂದು ಸ್ಕ್ರೂಡ್ರೈವರು, ಒಂದು ಎಣ್ಣೆಯ ಡಬ್ಬಿ ಮನೆಯಲ್ಲಿರಲಿ. ಒಂದು ನೋಟ್‌ಪುಸ್ತಕದಲ್ಲಿ ಎಣ್ಣೆ ಬದಲಿಸಿದ ದಿನಾಂಕ ಮತ್ತು ಕಿಲೋಮೀಟರನ್ನು ಬರೆದಿಡಿರಿ. ಮುಂದಿನ ಭಾನುವಾರ ನಿಮ್ಮ ಮನೆಯ ಗಾಡಿಯನ್ನು ಅಂಗಳದಲ್ಲಿ ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮನೆಯ ತಾಯಂದಿರನ್ನೇ ಹಿಂದೆ ಕುಳ್ಳಿರಿಸಿ, ಅವರ ಸೆರಗು ಗಾಲಿಯಿಂದ ಎಷ್ಟು ದೂರವಿದೆ ಎಂದು ಒಮ್ಮೆ ಬಗ್ಗಿ ನೋಡಿರಿ. ಗಾರ್ಡು ಇಲ್ಲದಿದ್ದರೆ ಅಂದೇ ತಂದು ಹಾಕಿರಿ. ಅಟ್ಟದ ಮೇಲೆ ಇದ್ದರಂತೂ ಅಂಗಡಿಗೆ ಹೋಗುವ ಖರ್ಚೂ ಇಲ್ಲ.